ಮಧುಮೇಹ ನಿರ್ವಹಣೆಯಲ್ಲಿ ಹಿತ್ತಲಿನ ಔಷಧೀಯ ಸಸ್ಯಗಳು: ಬಳಕೆ, ಮಿತಿ ಮತ್ತು ಎಚ್ಚರಿಕೆ

ಮಧುಮೇಹವು ಪಟ್ಟಣವಾಸಿಗಳಿಗೆ ಮಾತ್ರ ಬರುವ ಕಾಯಿಲೆ ಎಂಬ ನಂಬಿಕೆ ಇಂದು ನಿಲ್ಲುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದೂ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ ಎಂದೂ ಅಂದಾಜು ಮಾಡಿದೆ. ಹಳ್ಳಿಯಲ್ಲಿ ಈ ಕಾಯಿಲೆ ಪತ್ತೆಯಾದೊಡನೆ ಕೇಳಿಬರುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಜೀವನಪೂರ್ತಿ ಮಾತ್ರೆ ನುಂಗುವ ಬದಲು ನಮ್ಮ ಬೇಲಿಯ ಬಳ್ಳಿ, ಬದುವಿನ ಮರ ಸಾಲದೆ?

ಸಾಲದು ಎಂಬುದೇ ಇದಕ್ಕೆ ನೇರ ಉತ್ತರ. ಆದರೆ ಅವು ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಕೆಲವು ಸಸ್ಯಗಳು ಆಹಾರದ ರೂಪದಲ್ಲಿ ನಿಜವಾದ ನೆರವು ನೀಡುತ್ತವೆ, ಕೆಲವಕ್ಕೆ ಹೆಸರಷ್ಟೇ ದೊಡ್ಡದು, ಮತ್ತೆ ಕೆಲವು ಅಪಾಯಕ್ಕೂ ಎಡೆಮಾಡಿಕೊಡುತ್ತವೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಮೊದಲು ತಿಳಿಯಬೇಕಾದುದು

ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ ಪ್ರತಿ 100 ಮಿ.ಲೀ. ರಕ್ತದಲ್ಲಿ ಗ್ಲೂಕೋಸ್ 126 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮರುಪರೀಕ್ಷೆಯಲ್ಲಿಯೂ ಅದು ಖಚಿತವಾದರೆ, ಮಧುಮೇಹವೆಂದು ನಿರ್ಧರಿಸಲಾಗುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯ ಬಗೆಯಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ತಯಾರಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಇದು ಹೆಚ್ಚಾಗಿ ಮಕ್ಕಳು ಮತ್ತು ಹದಿಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಇಂತಹ ಮಗುವಿಗೆ ಇನ್ಸುಲಿನ್ ಚುಚ್ಚುಮದ್ದು ನಿಲ್ಲಿಸಿ ಕಷಾಯ ಕೊಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಇಲ್ಲಿ ಯಾವ ಬೇರು, ಎಲೆ, ಚೂರ್ಣಕ್ಕೂ ಸ್ಥಾನವಿಲ್ಲ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹವು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಮುಂದೆ ಹೇಳುವ ಸಸ್ಯಗಳೆಲ್ಲವೂ ಈ ಎರಡನೆಯ ಬಗೆಯವರಿಗೆ, ಅದೂ ಆಹಾರಕ್ರಮ, ದುಡಿಮೆ ಮತ್ತು ವೈದ್ಯರ ಔಷಧಿಯ ಜೊತೆಗೆ ಮಾತ್ರ.

ಗಿಡಮೂಲಿಕೆಗೂ ಮಾತ್ರೆಗೂ ಹಗೆಯೇನೂ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇಂದು ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಹಿಂದೆ ಯುರೋಪಿನ ಗ್ಯಾಲಿಗಾ ಎಂಬ ದ್ವಿದಳ ಜಾತಿಯ ಗಿಡವಿದೆ. ಆ ಗಿಡವನ್ನು ಹೆಚ್ಚು ಮೇಯ್ದ ಕುರಿಗಳು ಸಾಯುವಷ್ಟು ಅದು ವಿಷಕಾರಿ. ಅದರಲ್ಲಿನ ರಾಸಾಯನಿಕದ ಜಾಡು ಹಿಡಿದು 1922ರಲ್ಲಿ ಮೆಟ್‌ಫಾರ್ಮಿನ್ ತಯಾರಾಯಿತು. 1957ರಲ್ಲಿ ಅದು ರೋಗಿಗಳ ಬಳಕೆಗೆ ಬಂತು. ಗಿಡದ ಗುಣವನ್ನು ಉಳಿಸಿಕೊಂಡು ವಿಷವನ್ನು ಕಳೆದು, ಪ್ರಮಾಣವನ್ನು ನಿಗದಿ ಮಾಡಲು ಅಷ್ಟು ಕಾಲ ಹಿಡಿಯಿತು. ಹಿತ್ತಲಿನ ಎಲೆಯಲ್ಲಿ ಈ ನಿಗದಿತ ಪ್ರಮಾಣವೇ ಇರುವುದಿಲ್ಲ. ಮಣ್ಣು, ಋತು, ಎಲೆಯ ಬಲಿತ, ಒಣಗಿಸಿದ ರೀತಿ, ಇವೆಲ್ಲಕ್ಕೂ ತಕ್ಕಂತೆ ಅದರ ಸತ್ವ ಬದಲಾಗುತ್ತದೆ.

ಮೆಂತ್ಯ

ಅಡುಗೆಮನೆಯಲ್ಲಿಯೇ ದೊರೆಯುವ, ಹೆಚ್ಚು ಅಧ್ಯಯನಕ್ಕೊಳಗಾದ ಪದಾರ್ಥವಿದು. ಮೆಂತ್ಯದ ಕಾಳಿನಲ್ಲಿ ನೀರಿನಲ್ಲಿ ಕರಗಿ ಲೋಳೆಯಾಗುವ ನಾರಿನಂಶ ಹೇರಳವಾಗಿದೆ. ಈ ಲೋಳೆಯು ಕರುಳಿನಲ್ಲಿ ಪಿಷ್ಟ ಜೀರ್ಣವಾಗುವುದನ್ನೂ ಸಕ್ಕರೆ ರಕ್ತಕ್ಕೆ ಸೇರುವುದನ್ನೂ ನಿಧಾನಗೊಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ವಿಜ್ಞಾನಿಗಳು ಈ ಬಗ್ಗೆ ಹಲವು ಅಧ್ಯಯನಗಳನ್ನು ನಡೆಸಿದ್ದು, ದಿನಕ್ಕೆ 25 ಗ್ರಾಂನಷ್ಟು ಕಾಳನ್ನು ಬಳಸಿ ಪ್ರಯೋಜನ ಕಂಡಿದ್ದಾರೆ. ಇದು ಕಡಿಮೆ ಪ್ರಮಾಣವಲ್ಲ. ರಾತ್ರಿ ಒಂದು ಚಮಚ ಕಾಳು ನೆನೆಸಿ, ಬೆಳಿಗ್ಗೆ ನೀರನ್ನಷ್ಟೇ ಕುಡಿದು ಕಾಳನ್ನು ಚೆಲ್ಲುವವರಿಗೆ ದೊರೆಯುವ ಲಾಭ ಅಲ್ಪ, ಏಕೆಂದರೆ ನಾರಿನ ಹೆಚ್ಚಿನ ಭಾಗ ಕಾಳಿನಲ್ಲಿಯೇ ಉಳಿದಿರುತ್ತದೆ.

ಒಂದು ಚಮಚದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿಕೊಳ್ಳಿ. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ ಆಗಬಹುದು. ನೆನೆಸಿದ ಅಥವಾ ಮೊಳಕೆ ಬರಿಸಿದ ಕಾಳನ್ನು ದೋಸೆ ಹಿಟ್ಟು, ಪಲ್ಯ, ಸಾರಿನಲ್ಲಿ ಸೇರಿಸಬಹುದು. ಅದೇ ಲೋಳೆಯು ಮಾತ್ರೆಯ ಹೀರಿಕೆಯನ್ನೂ ತಡೆಯಬಹುದಾದ್ದರಿಂದ ಮಾತ್ರೆಗೂ ಮೆಂತ್ಯಕ್ಕೂ ಒಂದೆರಡು ಗಂಟೆಯ ಅಂತರವಿರಲಿ.

ಹಾಗಲ, ತೊಂಡೆ ಮತ್ತು ಸೋರೆ

ಹಾಗಲಕಾಯಿಯಲ್ಲಿ ಚರಾಂಟಿನ್ ಮೊದಲಾದ, ಗ್ಲೂಕೋಸ್ ಇಳಿಸುವ ಗುಣವುಳ್ಳ ಅಂಶಗಳಿವೆ. ಆದರೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಅದನ್ನು ಔಷಧಿಯೆಂದು ಶಿಫಾರಸು ಮಾಡುವಷ್ಟು ಆಧಾರ ದೊರೆತಿಲ್ಲ. ತರಕಾರಿಯಾಗಿ ಮಾತ್ರ ಹಾಗಲವು ಮಧುಮೇಹಿಗಳಿಗೆ ಉತ್ತಮ: ಪಿಷ್ಟ ಕಡಿಮೆ, ನಾರು ಹೆಚ್ಚು. ಬೆಲ್ಲ ಸುರಿದು ಮಾಡುವ ಗೊಜ್ಜು ಈ ಮಾತಿಗೆ ಹೊರತು.

ತೊಂಡೆಯ ಬಗ್ಗೆ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಹೊಸದಾಗಿ ಮಧುಮೇಹ ಪತ್ತೆಯಾದ 60 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ತೊಂಡೆ ಸಸ್ಯದ 1 ಗ್ರಾಂ ಸಾರವನ್ನು 90 ದಿನ ಕೊಟ್ಟಾಗ, ಉಪವಾಸದ ಗ್ಲೂಕೋಸ್ ಸುಮಾರು ಶೇ. 16ರಷ್ಟು ಇಳಿಯಿತು. ಗಮನಿಸಿ: ಇದು ಪ್ರಯೋಗಾಲಯದಲ್ಲಿ ತಯಾರಿಸಿದ ಸಾರ. ತೊಂಡೆಕಾಯಿ ಪಲ್ಯದಿಂದ ಅದೇ ಫಲ ಬರುತ್ತದೆಂದು ಭಾವಿಸಬಾರದು.

ಸೋರೆಕಾಯಿ ರಸದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. 2010ರಲ್ಲಿ ದೆಹಲಿಯಲ್ಲಿ, ಆರೋಗ್ಯಕ್ಕೆಂದು ದಿನವೂ ಸೋರೆ–ಹಾಗಲ ರಸ ಕುಡಿಯುತ್ತಿದ್ದ ಮಧುಮೇಹಿಯೊಬ್ಬರು ಕಹಿಯಾದ ರಸ ಸೇವಿಸಿ ಮೃತಪಟ್ಟರು. ಬಳಿಕ ತಜ್ಞರ ಸಮಿತಿಯೊಂದು ಇಂತಹ ಪ್ರಕರಣಗಳನ್ನು ಪರಿಶೀಲಿಸಿ, ಕಹಿ ಸೋರೆಯನ್ನು ಸೇವಿಸಲೇಬಾರದೆಂದು ತಿಳಿಸಿತು. ಸೋರೆ, ಹೀರೆ, ಸೌತೆಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ವಿಷ ಹೆಚ್ಚಾಗುತ್ತದೆ; ಕಹಿಯೇ ಅದರ ಗುರುತು. ಹಾಗಲದೊಡನೆ ಬೆರೆಸಿದಾಗ ಈ ಗುರುತು ಮರೆಯಾಗುವುದೇ ದೊಡ್ಡ ಅಪಾಯ. ಸೋರೆಯ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಇಡೀ ಕಾಯಿಯನ್ನು ತಿಪ್ಪೆಗೆ ಹಾಕಿ. ಹಸಿ ರಸಕ್ಕಿಂತ ಬೇಯಿಸಿದ ಪಲ್ಯವೇ ಲೇಸು.

ಬೆಳೆಗಾರರಿಗೆ ಇನ್ನೊಂದು ಮಾತು. ಹಾಗಲದ ಹಣ್ಣಿನ ನೊಣಕ್ಕೆ ಸಿಂಪಡಿಸಿದ ಕೀಟನಾಶಕವು ಹಸಿ ರಸದೊಂದಿಗೆ ನೇರವಾಗಿ ಹೊಟ್ಟೆ ಸೇರುತ್ತದೆ. ಮನೆ ಬಳಕೆಯ ಬಳ್ಳಿಗೆ ಮೋಹಕ ಬಲೆಗಳನ್ನು ಕಟ್ಟಿ, ನೊಣ ಚುಚ್ಚಿದ ಕಾಯಿಗಳನ್ನು ಆರಿಸಿ ನಾಶಪಡಿಸಿ. ಸಿಂಪಡಿಸಿದ್ದೇ ಆದರೆ ಡಬ್ಬಿಯ ಮೇಲೆ ನಮೂದಿಸಿದ ಕಾಯುವ ಅವಧಿ ಮುಗಿಯುವವರೆಗೆ ಕಾಯಿ ಕೊಯ್ಯಬೇಡಿ.

ಮಧುನಾಶಿನಿ

ಪಶ್ಚಿಮ ಘಟ್ಟ ಹಾಗೂ ಒಣ ಎಲೆಯುದುರುವ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಬಹುವಾರ್ಷಿಕ ಬಳ್ಳಿ. ಎರಡು ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಜಗಿದಂತಾಗುತ್ತದೆ. ಎಲೆಯಲ್ಲಿನ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗುರುತಿಸುವ ಶಕ್ತಿಯನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತವೆ. ಇದನ್ನು ಕಂಡು ಹಲವರು ರಕ್ತದ ಸಕ್ಕರೆಯೂ ಮಾಯವಾಯಿತೆಂದು ನಂಬುತ್ತಾರೆ. ನಾಲಿಗೆಗೆ ಸಿಹಿ ತಿಳಿಯದಿದ್ದರೂ ತಿಂದ ಸಕ್ಕರೆ ರಕ್ತಕ್ಕೆ ಸೇರಿಯೇ ಸೇರುತ್ತದೆ. ಸಿಹಿಯ ಚಪಲ ಕಡಿಮೆಯಾಗುವುದು ಉಪಯುಕ್ತವೇ. ಗ್ಲೂಕೋಸ್ ಇಳಿಸುವಲ್ಲಿಯೂ ಕೆಲವು ಸಣ್ಣ ಅಧ್ಯಯನಗಳು ಆಶಾದಾಯಕವಾಗಿವೆ. ಆದರೆ ಈ ಎಲೆಯ ಸೇವನೆಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣವೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ.

ಬೇಸಾಯ ಕಷ್ಟವೇನಲ್ಲ. ಮೂರು–ನಾಲ್ಕು ಗೆಣ್ಣುಗಳಿರುವ ಕಾಂಡದ ತುಂಡುಗಳನ್ನು ಪಾಲಿಥೀನ್ ಚೀಲದಲ್ಲಿ ಬೇರು ಬರಿಸಿ, ಮಳೆಗಾಲದ ಆರಂಭದಲ್ಲಿ ಕೊಟ್ಟಿಗೆ ಗೊಬ್ಬರ ತುಂಬಿದ ಗುಣಿಗೆ ನಾಟಿ ಮಾಡಿ. ನೀರು ನಿಲ್ಲದ ಜಾಗ ಮತ್ತು ಗಟ್ಟಿಯಾದ ಆಸರೆ ಬೇಕು, ಬೇಲಿಗೂ ಹಬ್ಬಿಸಬಹುದು. ಎಲೆಗಳನ್ನು ನೆರಳಿನಲ್ಲಿ ತೆಳುವಾಗಿ ಹರಡಿ ಹಸಿರು ಕೆಡದಂತೆ ಒಣಗಿಸಬೇಕು. ಮಾರಾಟಕ್ಕಾಗಿ ಬೆಳೆಯುವವರು ಖರೀದಿದಾರರನ್ನು ಮೊದಲೇ ಗೊತ್ತುಮಾಡಿಕೊಂಡು ನಂತರ ನಾಟಿಗೆ ಇಳಿಯುವುದು ಜಾಣತನ.

ನೇರಳೆ, ಹೊನ್ನೆ, ಏಕನಾಯಕ

ನೇರಳೆ ಬೀಜದ ಪುಡಿಗೆ ನಾಡವೈದ್ಯದಲ್ಲಿ ಹಳೆಯ ಹೆಸರಿದೆ. ಮನುಷ್ಯರಲ್ಲಿ ದೊರೆತ ಪುರಾವೆ ಇನ್ನೂ ತೆಳು. ಹಣ್ಣನ್ನು ಮಿತವಾಗಿ ತಿನ್ನಲು ಅಡ್ಡಿಯಿಲ್ಲ.

ಹೊನ್ನೆಯ ಕಥೆ ಬೇರೆ. ಸಂಸ್ಕೃತದಲ್ಲಿ ವಿಜಯಸಾರ ಅಥವಾ ಬೀಜಕ ಎನ್ನಲಾಗುವ ಈ ಮರದ ಚೇಗಿನ ಸಾರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊಸ ರೋಗಿಗಳ ಮೇಲೆ ಪ್ರಯೋಗಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿತು. ದಿನಕ್ಕೆ 2ರಿಂದ 4 ಗ್ರಾಂ ಸಾರದಿಂದ ಬಹುಪಾಲು ರೋಗಿಗಳಲ್ಲಿ ಗ್ಲೂಕೋಸ್ ಹತೋಟಿಗೆ ಬಂದಿತ್ತು. ಆದರೆ ಆ ಪ್ರಯೋಗದಲ್ಲಿ ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲ, ರೋಗವೂ ತೀವ್ರವಾಗಿರಲಿಲ್ಲ. ಜಾತ್ರೆಗಳಲ್ಲಿ ಮಾರುವ ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಕುಡಿಯುವುದಕ್ಕೆ ಈ ಫಲಿತಾಂಶವನ್ನು ಆಧಾರವಾಗಿ ತೋರಿಸುವುದು ಸರಿಯಲ್ಲ. ನೀರಿಗೆ ಬಣ್ಣ ಬರುತ್ತದೆ, ನಿಜ. ಎಷ್ಟು ಸತ್ವ ಇಳಿಯಿತೆಂದು ಯಾರೂ ಅಳೆದಿರುವುದಿಲ್ಲ. ಹೊನ್ನೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನೂ ಮರೆಯಬೇಡಿ. ಬದುವಿನಲ್ಲಿ ನೆಟ್ಟು ಬೆಳೆಸಲು ಯೋಗ್ಯವಾದ ಮರವಿದು.

ಮಲೆನಾಡಿನ ಏಕನಾಯಕದ ಬೇರು ಕರುಳಿನಲ್ಲಿ ಪಿಷ್ಟ ಒಡೆಯುವ ಕಿಣ್ವವನ್ನು ತಡೆಯುತ್ತದೆ. ವೈದ್ಯರು ಕೊಡುವ ಅಕಾರ್ಬೋಸ್ ಮಾತ್ರೆಯ ಕೆಲಸವೂ ಇದೇ. ಗುಣ ನಿಜವಾದರೂ ಬೇರು ಕಿತ್ತರೆ ಬಳ್ಳಿ ಸಾಯುತ್ತದೆ, ಘಟ್ಟದಲ್ಲಿ ಅದು ಅಪರೂಪವಾಗುತ್ತಿದೆ. ಕಾಡಿನಿಂದ ಕಿತ್ತು ತರುವುದನ್ನು ನಾವು ಶಿಫಾರಸು ಮಾಡುವುದಿಲ್ಲ.

ಇನ್ಸುಲಿನ್ ಗಿಡ, ಅಮೃತಬಳ್ಳಿ

ನರ್ಸರಿಗಳಲ್ಲಿ ‘ಇನ್ಸುಲಿನ್ ಗಿಡ’ವೆಂದು ಮಾರಾಟವಾಗುವ ಕಾಸ್ಟಸ್ ದಕ್ಷಿಣ ಅಮೆರಿಕ ಮೂಲದ ಅಲಂಕಾರಿಕ ಸಸ್ಯ. ಅದರ ಎಲೆಯಲ್ಲಿ ಇರುವುದು ಇನ್ಸುಲಿನ್ ಅಲ್ಲ. ಇದ್ದಿದ್ದರೂ ಉಪಯೋಗವಾಗುತ್ತಿರಲಿಲ್ಲ, ಏಕೆಂದರೆ ಇನ್ಸುಲಿನ್ ಒಂದು ಪ್ರೋಟೀನು. ಬಾಯಿಯಿಂದ ಸೇವಿಸಿದರೆ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. ಈ ಹೆಸರನ್ನು ನಂಬಿ ಚುಚ್ಚುಮದ್ದು ಬಿಟ್ಟವರಿಗೆ ಆಗುವ ಹಾನಿ ಬಹಳ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದ ವರದಿಗಳಿವೆ. ಅದನ್ನೇ ಹೋಲುವ ಬೇರೆ ಬಳ್ಳಿಯೂ ಇರುವುದರಿಂದ ಗುರುತು ಖಚಿತವಿಲ್ಲದೆ ಬಳಸಬೇಡಿ.

ಜೊತೆಯಾಗಿ ಸೇವಿಸುವಾಗ

ಗ್ಲೂಕೋಸ್ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಕಷಾಯ, ಚೂರ್ಣಗಳೂ ಸೇರಿದರೆ ಗ್ಲೂಕೋಸ್ 70 ಮಿ.ಗ್ರಾಂಗಿಂತ ಕೆಳಗೆ ಕುಸಿಯಬಹುದು. ಖಾಲಿ ಹೊಟ್ಟೆಯಲ್ಲಿ ಹಾಗಲದ ರಸ ಕುಡಿದು, ತಿಂಡಿ ತಡಮಾಡಿ, ಬಿಸಿಲಲ್ಲಿ ಕಳೆ ತೆಗೆಯಲು ಹೋಗುವವರಿಗೆ ಈ ಅಪಾಯ ಅಧಿಕ. ಬೆವರು, ನಡುಕ, ಎದೆಬಡಿತ, ಮಂಕು ಕವಿಯುವುದು ಇದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿ. ಮಧುನಾಶಿನಿ ಅಗಿದವರಿಗೆ ಸಕ್ಕರೆ ಸಪ್ಪೆಯೆನಿಸಿದರೂ ಅದು ಕೆಲಸ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ. ಟ್ರ್ಯಾಕ್ಟರ್ ಚಾಲಕರೂ ರಾತ್ರಿ ನೀರು ಹಾಯಿಸಲು ಒಬ್ಬರೇ ಹೋಗುವವರೂ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲಿ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯುಳ್ಳವರು ಈ ಮೂಲಿಕೆಗಳನ್ನು ಔಷಧಿ ಪ್ರಮಾಣದಲ್ಲಿ ಸೇವಿಸಬಾರದು. ಹೆಸರು, ತಯಾರಿಕಾ ಪರವಾನಗಿ ಇಲ್ಲದ ಪೊಟ್ಟಣದ ಪುಡಿಗಳನ್ನು ಕೊಳ್ಳಬೇಡಿ. ಇಂತಹ ಪುಡಿಗಳಲ್ಲಿ ಅಲೋಪತಿ ಮಾತ್ರೆಯನ್ನೇ ಅರೆದು ಬೆರೆಸಿದ್ದು, ಸೀಸದಂತಹ ಲೋಹ ಸೇರಿದ್ದು ಹಲವೆಡೆ ಪತ್ತೆಯಾಗಿದೆ. ಮೂರೇ ದಿನದಲ್ಲಿ ಅದ್ಭುತ ಫಲ ಕೊಡುವ ಪುಡಿಯನ್ನು ಮೊದಲು ಸಂಶಯಿಸಬೇಕು.

ಫಲವನ್ನು ಅಳೆಯುವುದು ಹೇಗೆ?

‘ಮೈ ಹಗುರವಾಯಿತು’ ಎಂಬುದು ಅಳತೆಯಲ್ಲ. ಯಾವುದೇ ಮೂಲಿಕೆ ಆರಂಭಿಸುವ ಮುನ್ನ ನಿಮ್ಮ ವೈದ್ಯರಿಗೆ ತಿಳಿಸಿ. ಎರಡು ವಾರ ಮೊದಲಿನಿಂದಲೇ ಉಪವಾಸದ ಮತ್ತು ಊಟದ ಎರಡು ಗಂಟೆಯ ನಂತರದ ಗ್ಲೂಕೋಸನ್ನು ಪುಸ್ತಕದಲ್ಲಿ ಬರೆದಿಡಿ. ಆರಂಭಿಸಿದ ಮೇಲೂ ಮುಂದುವರಿಸಿ. ಒಮ್ಮೆಗೆ ಒಂದನ್ನು ಮಾತ್ರ ಬಳಸಿ. ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯು ಹೆಚ್ಚಿನವರಲ್ಲಿ ಶೇ. 7ಕ್ಕಿಂತ ಕೆಳಗಿರಬೇಕು. ಅಂಕಿಗಳು ಇಳಿದಿದ್ದರೆ ಮಾತ್ರೆ ತಗ್ಗಿಸುವ ನಿರ್ಧಾರ ವೈದ್ಯರದು, ನಿಮ್ಮದಲ್ಲ. ಮುದ್ದೆಯ ಗಾತ್ರ ಇಳಿಸಿ ಸೊಪ್ಪು, ಕಾಳು ಹೆಚ್ಚಿಸಿದರೆ ಬಹಳಷ್ಟು ಮನೆಗಳಲ್ಲಿ ಚೂರ್ಣಕ್ಕಿಂತ ಹೆಚ್ಚಿನ ಲಾಭ ಕಾಣುತ್ತದೆ, ರಾಗಿಯೂ ಪಿಷ್ಟವೇ.

ವಿಸ್ತರಣಾ ಕಾರ್ಯಕರ್ತರು ಸಭೆಗಳಲ್ಲಿ ಮೂಲಿಕೆಯ ಪ್ರಮಾಣವನ್ನು ಸಾರ್ವತ್ರಿಕವಾಗಿ ಘೋಷಿಸದೆ, ಬೇಸಾಯ ಮತ್ತು ಅಡುಗೆಯ ಬಳಕೆಯನ್ನು ತಿಳಿಸಿದರೆ ಸಾಕು. ಭತ್ತದ ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆದು ಗಾಯವಾಗಿ ವಾರವಾದರೂ ಮಾಯದವರು, ವಾಂತಿ, ಹೊಟ್ಟೆನೋವು, ಏದುಸಿರು ಅಥವಾ ಉಸಿರಿನಲ್ಲಿ ಹಣ್ಣಿನ ವಾಸನೆಯುಳ್ಳವರು, ಕಣ್ಣು ಮಂಜಾದವರು ಎದುರಾದರೆ ಮೂಲಿಕೆಯ ಮಾತನ್ನು ಬದಿಗಿಟ್ಟು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿಕೊಡಿ.