ಮಗುವಿನ ಟಬ್ಬು ಮತ್ತು ಅತ್ತೆಯ ಕಾಲು

ಮೊನ್ನೆ ಪುಣೆಯಿಂದ ಮಗಳ ಫೋನು. "ಅಪ್ಪಾ, ಪಾಪುಗೆ ಸ್ನಾನದ ಟಬ್ ತಗೋಬೇಕು, ಹತ್ತು ಥರ ಇವೆ. ಯಾವುದು ಸೇಫ್?" ಸಾಲದ ಕಾಗದಪತ್ರ ನೋಡಿಯೇ ಕೂದಲು ಬೆಳ್ಳಗಾದವನಿಗೆ ಟಬ್ಬಿನ ವಿಷಯ ಏನು ಗೊತ್ತು? ಒಂದು ವಾರ ಕೂತು ಓದಿದೆ. ನಿಮಗೂ ಹೇಳೋಣ ಅನ್ನಿಸಿತು.

ಈ ಮಗಳು ಹುಟ್ಟಿದ್ದು 1998ರಲ್ಲಿ. ನಾವಾಗ ಡೊಂಬಿವಲಿಯ ಚಾಳಿನಲ್ಲಿದ್ದೆವು. ಬಾಣಂತನಕ್ಕೆ ಧಾರವಾಡದಿಂದ ಅತ್ತೆ ಬಂದಿದ್ದರು. ಮೂಲೆಯ ಮೋರಿಯಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಂಬಿಗೆಯಿಂದ ನೀರು ಎರೆಯುತ್ತಿದ್ದರು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಕಾದ ನೀರು, ಮೊಣಕೈ ಅದ್ದಿ ನೋಡಿದ ಮೇಲೇ ಕೂಸಿಗೆ. ಪೋಸ್ಟಿನವ ಬಾಗಿಲು ಬಡಿದರೂ ಏಳುತ್ತಿರಲಿಲ್ಲ. ಕಾಲ ಮೇಲೆ ಕೂಸಿರುವಾಗ ಏಳುವುದಾದರೂ ಹೇಗೆ? ನೀರೂ ಅಷ್ಟೇ, ನಿಲ್ಲುತ್ತಿರಲಿಲ್ಲ, ಹರಿದು ಹೋಗುತ್ತಿತ್ತು. ಹಳೆಯದೆಲ್ಲ ಒಳ್ಳೆಯದು ಅಂತಲ್ಲ. ಮೂಗು, ಕಿವಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿ ಹೊಗೆ ಇವು ಬೇಡ ಅಂತಾರೆ ಡಾಕ್ಟರು.

ಅತ್ತೆ ಊರಿಗೆ ಹೋದರು, ಮನೆಗೆ ಪ್ಲಾಸ್ಟಿಕ್ ಟಬ್ ಬಂತು. ಮಗಳಿಗೆ ಎಂಟು ತಿಂಗಳು. ಒಂದು ಭಾನುವಾರ ಸ್ನಾನ ಮಾಡಿಸುತ್ತಿದ್ದಾಗ ಫೋನ್ ರಿಂಗಾಯಿತು, ಎದ್ದು ಹೋದೆ. ಬ್ಯಾಂಕಿನ ಕರೆ, ಎರಡೇ ಮಾತು. ಅಷ್ಟರಲ್ಲಿ ಮಗು ಹೊರಳಿ ಮುಖ ನೀರಿಗೆ ಬಿದ್ದಿತ್ತು. ಹೆಂಡತಿ ನೋಡಿ ಎತ್ತಿಕೊಂಡಳು, ಬಚಾವ್. ನನ್ನನ್ನು ಇವತ್ತಿಗೂ ಕಾಡುವುದು ಒಂದೇ... ಒಂದು ಸದ್ದೂ ಆಗಿರಲಿಲ್ಲ.

ಇದೇ ಕಥೆ ಅಮೆರಿಕದಲ್ಲಿ ದೊಡ್ಡದಾಗಿ ನಡೆದಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿ 'ಬಾತ್ ಸೀಟ್' ಬಂತು. ಟಬ್ಬಿನ ತಳಕ್ಕೆ ರಬ್ಬರ್ ಕಪ್ಪುಗಳಿಂದ ಅಂಟುವ ಪುಟ್ಟ ಕುರ್ಚಿ. ಮಗು ಕೂತಿದೆ, ಭಯವಿಲ್ಲ ಅಂತ ತಾಯಂದಿರು ಟವೆಲ್ ತರಲು, ಫೋನ್ ಎತ್ತಲು ಹೋದರು. ಕಪ್ಪು ಕಿತ್ತುಬಂದು ಕುರ್ಚಿ ಮಗುಚಿತು. ಕೆಲವು ಮಕ್ಕಳು ಕಾಲಿನ ಸಂದಿಯಿಂದ ಕೆಳಗೆ ಜಾರಿದವು. ಸಾವುಗಳಾದವು. 1999ರಲ್ಲಿ ತಯಾರಕರು ತಾವಾಗಿಯೇ ಪಾಲಿಸುವ ಮಾನದಂಡ ಬಂತು. 2000ದಲ್ಲಿ ಗ್ರಾಹಕ ಸಂಘಟನೆಗಳು ಇವನ್ನು ನಿಷೇಧಿಸಿ ಎಂದು ಅರ್ಜಿ ಹಾಕಿದವು. ನಿಷೇಧ ಆಗಲಿಲ್ಲ. 2010ರಲ್ಲಿ ಸೀಟುಗಳಿಗೆ, 2017ರಲ್ಲಿ ಶಿಶುಗಳ ಟಬ್ಬುಗಳಿಗೆ ಕಡ್ಡಾಯ ನಿಯಮ ಬಂತು. ಇಷ್ಟಾದರೂ ನಿಯಮದ ಜೊತೆ ಎಚ್ಚರಿಕೆಯ ಮಾತು ಅಚ್ಚಾಗಿಯೇ ಇರಬೇಕು: ಮಗುವನ್ನು ಕೈಗೆಟಕುವಷ್ಟು ಹತ್ತಿರವೇ ಇಟ್ಟುಕೊಳ್ಳಿ.

ಬ್ಯಾಂಕಿನಲ್ಲಿ ನಾವು ಇದನ್ನು ಬೇಗ ಕಲಿಯುತ್ತೇವೆ. ಜಾಮೀನು ಗಟ್ಟಿಯಿದೆ ಅಂತ ಸಾಲದ ಮೇಲೆ ಕಣ್ಣಿಡದಿದ್ದರೆ ಆ ಸಾಲ ಮುಳುಗುವುದೇ ಮೊದಲು.

ಮಗಳಿಗೆ ಹೇಳಿದ್ದು ಇಷ್ಟು. ಟಬ್ ಅಲುಗಾಡದೆ ನೆಲದ ಮೇಲೆ ಕೂರಲಿ, ತಳ ಜಾರದಿರಲಿ, ಅಂಚು ಚೂಪಿರಬಾರದು. ಮಡಚುವ ಟಬ್ ಆದರೆ ಕೊಂಡಿ ಗಟ್ಟಿಯಾಗಿ ಬೀಳಬೇಕು. ನೀರು ಎರಡು ಅಂಗುಲ ಸಾಕು, ಬಿಸಿ 37-38 ಡಿಗ್ರಿ. ಮಗು ಒಳಗಿರುವಾಗ ಗೀಸರಿನ ನಲ್ಲಿ ತಿರುಗಿಸಬೇಡ. ಸ್ನಾನ ಮುಗಿದ ತಕ್ಷಣ ನೀರು ಚೆಲ್ಲು. ಟವೆಲ್ಲು, ಬಟ್ಟೆ ಮೊದಲೇ ಪಕ್ಕದಲ್ಲಿಟ್ಟುಕೋ. ಫೋನು ಇನ್ನೊಂದು ಕೋಣೆಯಲ್ಲಿರಲಿ, ನಾನೇ ಮಾಡಿದರೂ ಎತ್ತಬೇಡ.

"ಮತ್ತೆ ಯಾವ ಟಬ್ಬಪ್ಪಾ?" ಅಂದಳು.

"ಯಾವುದಾದರೂ ತಗೋ. ನೀನು ಮಾತ್ರ ಅಜ್ಜಿಯ ಹಾಗೆ ಏಳದೇ ಕೂರು" ಅಂದೆ.

ನಿಮ್ಮ ಮನೆಯಲ್ಲಿ ಕೂಸಿಗೆ ನೀರೆರೆದವರು ಯಾರು? ನೆನಪಿದ್ದರೆ ಬರೆಯಿರಿ.