ಗಂಟಿಲ್ಲದ ರತ್ನಗಂಬಳಿ

ರತ್ನಗಂಬಳಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಅರಮನೆಯ ಕಡೆಗೆ ಹೊರಳುತ್ತದೆ. ಶಬ್ದದಲ್ಲಿಯೇ ರತ್ನ ಮುಂದಿದೆ. ಕಂಬಳಿ ಅದರ ಹಿಂದೆ ವಿನಯದಿಂದ ನಿಂತಿದೆ. ಚರಿತ್ರೆ ಬರೆದವರೂ ಬಹುಮಟ್ಟಿಗೆ ಈ ಶಬ್ದದ ದಾರಿಯನ್ನೇ ಹಿಡಿದು ದೊರೆಗಳ ಹಾಸುಗಳನ್ನು ವರ್ಣಿಸಿದ್ದಾರೆ. ಆದರೆ ಇಂದು ಮನೆ, ಕಚೇರಿ, ಹೋಟೆಲುಗಳಲ್ಲಿ ಜನ ಕಾಲಿಡುತ್ತಿರುವ ಹಾಸುಗಂಬಳಿಗಳಲ್ಲಿ ದೊಡ್ಡದೊಂದು ಪಾಲು ಅರಮನೆಯ ಸಂತಾನವಲ್ಲ. ಅವುಗಳ ವಂಶಾವಳಿಯನ್ನು ಹಿಡಿದು ಹಿಂದೆ ಹಿಂದೆ ಸಾಗಿದರೆ ನಾವು ತಲುಪುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ರೈತಮನೆಯನ್ನು. ಅಲ್ಲಿ ಸೂಜಿ ಹಿಡಿದು ಕುಳಿತ ಹದಿನೈದು ವರ್ಷದ ಹುಡುಗಿಯನ್ನು. ಈ ಹೊತ್ತು ನಾನು ಹೇಳಹೊರಟಿರುವುದು ಆ ಕಥೆಯನ್ನು.

ಮೊದಲು ಎರಡು ಬಗೆಗಳ ಭೇದವನ್ನು ತಿಳಿದುಕೊಳ್ಳುವುದು ಲೇಸು. ಹಾಸುಗಂಬಳಿಯ ಮೈಮೇಲೆ ಎದ್ದು ನಿಂತಿರುವ ನೂಲಿನ ಕುಚ್ಚನ್ನು ಬಟ್ಟೆಗೆ ಅಂಟಿಕೊಂಡಿರುವಂತೆ ಮಾಡುವುದು ಹೇಗೆ? ಪುರಾತನರು ಕಂಡುಕೊಂಡ ಉಪಾಯ ಗಂಟು. ಮಗ್ಗದ ಮೇಲೆ ಹಾಸಿನ ಎಳೆಗಳನ್ನು ಬಿಗಿದು, ಜೋಡಿ ಎಳೆಗೊಂದರಂತೆ ಉಣ್ಣೆಯ ಗಂಟು ಕಟ್ಟಿ, ತುದಿ ಕತ್ತರಿಸಿ, ಸಾಲು ಮುಗಿದ ಮೇಲೆ ಹೊಕ್ಕಿನ ಎಳೆ ಹಾಯಿಸಿ ಬಡಿಯುವುದು. 1949ರಲ್ಲಿ ಸೈಬೀರಿಯಾದ ಅಲ್ತಾಯ್ ಪರ್ವತಪ್ರದೇಶದ ಪಜೀರಿಕ್ ಎಂಬಲ್ಲಿ ಸರ್ಗೈ ರುಡೆಂಕೊ ಅವರು ಹಿಮಗಟ್ಟಿದ ಗೋರಿಯೊಂದನ್ನು ಅಗೆಸಿದಾಗ ಇಂಥ ಗಂಬಳಿಯೊಂದು ದೊರೆಯಿತು. ಅದು ಕ್ರಿಸ್ತಪೂರ್ವ 5 ಅಥವಾ 4ನೆಯ ಶತಮಾನದ್ದು. ಅದರ ಹತ್ತು ಸೆಂಟಿಮೀಟರಿನ ಚೌಕದೊಳಗೆ ಸುಮಾರು 3,600 ಗಂಟುಗಳಿವೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಇರಾನಿನ ಅರ್ದಬಿಲ್ ಗಂಬಳಿ ಈ ಪರಂಪರೆಯ ಶಿಖರಗಳಲ್ಲೊಂದು. ಅದರ ಅಂಚಿನಲ್ಲಿ ಹಿಜರಿ 946, ಎಂದರೆ ಕ್ರಿಸ್ತಶಕ 1539-40, ಎಂಬ ಕಾಲವೂ ಕಾಶಾನಿನ ಮಕ್ಸೂದ್ ಎಂಬ ಹೆಸರೂ ನೇಯಲ್ಪಟ್ಟಿವೆ. ಅಷ್ಟು ದೊಡ್ಡ ಗಂಬಳಿ ಒಬ್ಬನ ಕೈಯ ಕೆಲಸವಾಗಿರಲಾರದು. ಮಕ್ಸೂದನು ಅದರ ಮೇಲ್ವಿಚಾರಕನೋ ವಿನ್ಯಾಸಕಾರನೋ ಆಗಿರಬೇಕು. ಗಂಟು ಕಟ್ಟಿದ ಕೈಗಳು ಹೆಸರು ಬಿಟ್ಟುಹೋಗಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಂಟಿನ ಗಂಬಳಿಗೆ ಮಗ್ಗ ಬೇಕು, ಗುರು ಬೇಕು, ತಿಂಗಳುಗಟ್ಟಲೆ ಕಾಲ ಬೇಕು. ಇವು ಮೂರೂ ಇಲ್ಲದವರು ಏನು ಮಾಡಬೇಕು? ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಈಶಾನ್ಯ ಕರಾವಳಿಯ ಬಡ ಗೃಹಿಣಿಯರು ಇದಕ್ಕೊಂದು ಉತ್ತರ ಕಂಡುಕೊಂಡಿದ್ದರು. ಬರಿದಾದ ಗೋಣಿಚೀಲವನ್ನು ಬಿಚ್ಚಿ ಚೌಕಟ್ಟಿಗೆ ಬಿಗಿಯುವುದು. ಹಳೆಯ ಬಟ್ಟೆಯನ್ನು ಪಟ್ಟಿಗಳಾಗಿ ಹರಿದು, ಕೊಕ್ಕೆಯಿಂದ ಗೋಣಿಯ ಕಣ್ಣುಗಳ ಮೂಲಕ ಮೇಲಕ್ಕೆಳೆದು ಕುಣಿಕೆ ಕುಣಿಕೆಯಾಗಿ ನಿಲ್ಲಿಸುವುದು. ಆ ಗೋಣಿಯ ಸೆಣಬು ಬೆಳೆದದ್ದು ನಮ್ಮ ಬಂಗಾಳದಲ್ಲಿ. ಗೋಣಿಗೆ ಇಂಗ್ಲಿಷಿನವರು ಹೇಳುವ ‘ಗನ್ನಿ’ ಎಂಬ ಶಬ್ದವೂ ಭಾರತದ ‘ಗೋಣಿ’ಯಿಂದಲೇ ಹೋದದ್ದು. ವಸ್ತುವಿನ ಸಂಗಡ ಶಬ್ದವೂ ಹಡಗು ಹತ್ತಿತು. 1860ರ ದಶಕದಲ್ಲಿ ಮೇಯ್ನ್ ರಾಜ್ಯದ ಎಡ್ವರ್ಡ್ ಸ್ಯಾಂಡ್ಸ್ ಫ್ರಾಸ್ಟ್ ಎಂಬ ತವರದ ಸಾಮಾನಿನ ತಿರುಗುವ್ಯಾಪಾರಿ, ತಗಡಿನಲ್ಲಿ ಚಿತ್ರದ ಅಚ್ಚುಗಳನ್ನು ಕೊರೆದು ಗೋಣಿಯ ಮೇಲೆ ಒತ್ತಿ ಮಾರತೊಡಗಿದ. ಚಿತ್ರ ಬರೆಯಲು ಬಾರದವಳಿಗೂ ಗಂಬಳಿ ಮಾಡಲು ದಾರಿಯಾಯಿತು. ಹೊಸಬರಿಗಾಗಿ ಸಿದ್ಧಪಡಿಸಿದ ಸಾಮಗ್ರಿಯ ವ್ಯಾಪಾರ ಇಂದಿನದಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು ಜಾರ್ಜಿಯಾಕ್ಕೆ ಬರೋಣ. ಡಾಲ್ಟನ್ ಪಟ್ಟಣದ ಹತ್ತಿರದ ಕ್ಯಾಥರೀನ್ ಇವಾನ್ಸ್, 1892ರ ಸುಮಾರಿನಲ್ಲಿ, ತಾನಿನ್ನೂ ಹನ್ನೆರಡರ ಬಾಲಕಿಯಾಗಿದ್ದಾಗ, ಬಂಧುಗಳ ಮನೆಯಲ್ಲಿ ಹಾಸಿಗೆಯ ಮೇಲುಹೊದಿಕೆಯೊಂದನ್ನು ಕಂಡಳು. ಬಿಳಿಯ ಬಟ್ಟೆಯ ಮೇಲೆ ಬಿಳಿಯ ಕುಚ್ಚು. ಇಂಥ ಹೊದಿಕೆಗೆ ‘ಕ್ಯಾಂಡಲ್‌ವಿಕ್’ ಎಂದು ಹೆಸರು. ಮೇಣದ ಬತ್ತಿಯೊಳಗಿನ ದಪ್ಪ ನೂಲಿನಂಥ ನೂಲಿನಿಂದ ಮಾಡಿದ್ದು ಎಂದು ಅರ್ಥ. ಆ ವಿದ್ಯೆ ಅಷ್ಟುಹೊತ್ತಿಗೆ ಆ ಸೀಮೆಯಲ್ಲಿ ಬಹುಮಟ್ಟಿಗೆ ಮರೆತುಹೋಗಿತ್ತು. ಹುಡುಗಿ ವಸ್ತುವನ್ನು ನೋಡಿದಳು, ಮುಟ್ಟಿದಳು, ಮನಸ್ಸಿನಲ್ಲಿಟ್ಟುಕೊಂಡಳು. 1895ರಲ್ಲಿ ತನ್ನ ಹದಿನೈದನೆಯ ವಯಸ್ಸಿನಲ್ಲಿ ತಾನೇ ಒಂದನ್ನು ಮಾಡಿ ಮುಗಿಸಿದಳು.

ಅವಳ ವಿಧಾನ ಕೇಳಲು ಅತಿ ಸುಲಭ. ಕೋರಾ ಬಟ್ಟೆಯ ಮೇಲೆ ವಿನ್ಯಾಸದ ಗೆರೆ ಎಳೆಯುವುದು. ಅನೇಕ ಎಳೆಗಳನ್ನು ಸೇರಿಸಿದ ದಪ್ಪ ಹತ್ತಿಯ ನೂಲನ್ನು ಸೂಜಿಗೆ ಪೋಣಿಸಿ ಗೆರೆಯ ಮೇಲೆ ಸಾದಾ ಹೊಲಿಗೆ ಹಾಕುತ್ತ ಹೋಗುವುದು. ಕೌದಿ ಹೊಲಿಯುವ ನಮ್ಮ ಉತ್ತರ ಕರ್ನಾಟಕದ ತಾಯಂದಿರ ಸೂಜಿ ಮೇಲೆ ಕೆಳಗೆ ಓಡುತ್ತದಲ್ಲ, ಹಾಗೆ. ಬಳಿಕ ಮೇಲೆ ಕಾಣುವ ಹೊಲಿಗೆಗಳನ್ನು ಒಂದೊಂದಾಗಿ ನಡುವೆ ಕತ್ತರಿಸುವುದು. ಕತ್ತರಿಸಿದ ನೂಲು ಬಿಚ್ಚಿಕೊಂಡು ಕುಚ್ಚಾಗುತ್ತದೆ. ಆದರೆ ಕತ್ತರಿಸಿದ ಹೊಲಿಗೆ ಕಳಚಿಬೀಳಬೇಕಷ್ಟೆ? ಇಲ್ಲಿಯೇ ಇದೆ ಈ ವಿದ್ಯೆಯ ಮರ್ಮ. ಕತ್ತರಿಸಿದ ಬಟ್ಟೆಯನ್ನು ಅವಳು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹರವಿದಳು. ಹೊಸ ಕೋರಾ ಬಟ್ಟೆ ಬಿಸಿನೀರಿಗೆ ಕುಗ್ಗುತ್ತದೆ. ಕುಗ್ಗುವಾಗ ಪ್ರತಿಯೊಂದು ನೂಲಿನ ಕೊರಳನ್ನೂ ಬಟ್ಟೆಯ ಎಳೆಗಳೇ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಗಂಟಿಲ್ಲ, ಅಂಟಿಲ್ಲ. ಬಟ್ಟೆಯ ದೋಷವೆಂದು ನಾವು ತಿಳಿದಿರುವ ಕುಗ್ಗುವಿಕೆಯೇ ಇಲ್ಲಿ ಗುಣವಾಯಿತು. ನಮ್ಮ ಕಸೂತಿಯಲ್ಲಿಯೂ ಗಂಟು ಹಾಕದೆ ಎರಡು ಮೈಯೂ ಒಂದೇ ತೆರನಾಗಿ ಕಾಣುವಂತೆ ಹೊಲಿಯುವ ‘ಗವಂತಿ’ ಇದೆ. ಹೆಸರು ‘ಗಂಟು’ ಎಂಬುದರಿಂದ ಬಂದದ್ದೆಂದು ಹೇಳುತ್ತಾರೆ, ಆದರೆ ಗಂಟು ಮಾತ್ರ ಕಾಣದು. ಗಂಟಿಲ್ಲದೆ ಹಿಡಿಸುವುದು ಎಲ್ಲ ಕಡೆಯ ಹೆಂಗಸರೂ ಕೈಬಲದಿಂದ ಬಿಡಿಸಿದ ಸಮಸ್ಯೆಯೆಂದು ತೋರುತ್ತದೆ.

1900ರಲ್ಲಿ ಕ್ಯಾಥರೀನ್ ಒಂದು ಹೊದಿಕೆಯನ್ನು ಎರಡೂವರೆ ಡಾಲರಿಗೆ ಮಾರಿದಳು. ಕೇಳುವವರು ಹೆಚ್ಚಿದರು, ಒಬ್ಬಳ ಕೈಗೆ ನಿಲುಕದಾಯಿತು. ಆಗ ಅವಳು ಮಾಡಿದ ಕೆಲಸವೇ ಅವಳನ್ನು ಚರಿತ್ರೆಗೆ ಸೇರಿಸಿತು: ನೆರೆಹೊರೆಯ ಹೆಂಗಸರಿಗೆ ವಿದ್ಯೆಯನ್ನು ಕಲಿಸಿಬಿಟ್ಟಳು. ಇದರಲ್ಲಿ ಗುಟ್ಟು ಇಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಒಂದು ಮಧ್ಯಾಹ್ನ ನೋಡಿದವಳು ಮರುದಿನ ತಾನೇ ಮಾಡಬಹುದಾಗಿತ್ತು.

ವಿದ್ಯೆ ಹರಡಿತು, ವ್ಯಾಪಾರ ಬೆಳೆಯಿತು. ಪಟ್ಟಣದ ವರ್ತಕರು ವಿನ್ಯಾಸ ಒತ್ತಿದ ಬಟ್ಟೆ ಮತ್ತು ನೂಲನ್ನು ಗಾಡಿಗಳಲ್ಲಿ ಹಳ್ಳಿಮನೆಗಳಿಗೆ ಕಳುಹಿಸುವರು. ಹೊಲಿದದ್ದನ್ನು ಮರಳಿ ತರಿಸಿ, ತೊಳೆಸಿ, ಮಾರುವರು. 1930ರ ದಶಕದ ವೇಳೆಗೆ ಸುಮಾರು 10,000 ಜನ, ಹೆಂಗಸರು, ಮಕ್ಕಳು, ಗಂಡಸರು, ಮನೆಗಳಲ್ಲಿ ಕುಳಿತು ಈ ಕೆಲಸ ಮಾಡುತ್ತಿದ್ದರು. ಹೆದ್ದಾರಿ 41ರ ಅಂಚಿನಲ್ಲಿ ಹಗ್ಗ ಕಟ್ಟಿ ಹೊದಿಕೆಗಳನ್ನು ತೂಗುಹಾಕುವರು. ಗರಿಬಿಚ್ಚಿದ ನವಿಲಿನ ಚಿತ್ರಕ್ಕೆ ಬೇಡಿಕೆ ಹೆಚ್ಚು; ಆದ್ದರಿಂದ ಆ ದಾರಿಗೆ ‘ನವಿಲಿನ ಓಣಿ’ ಎಂಬರ್ಥದ ಹೆಸರೇ ಬಿತ್ತು. ಕುಚ್ಚುಕುಚ್ಚಾದ ಈ ಬಟ್ಟೆಯನ್ನು ‘ಶೆನೀಲ್’ ಎಂದೂ ಕರೆದರು. ಫ್ರೆಂಚ್ ಭಾಷೆಯಲ್ಲಿ ಶೆನೀಲ್ ಎಂದರೆ ಕಂಬಳಿಹುಳು. ಅವರು ಹುಳುವಿನ ಹೆಸರನ್ನು ಬಟ್ಟೆಗೆ ಇಟ್ಟರು. ನಾವು ಕಂಬಳಿಯ ಹೆಸರನ್ನು ಹುಳುವಿಗೆ ಇಟ್ಟೆವು. ಹೋಲಿಕೆಯನ್ನು ಕಂಡ ಕಣ್ಣು ಮಾತ್ರ ಒಂದೇ.

ಈ ಚಿತ್ರ ಸುಂದರವಾದುದು. ಆದರೆ ಸೌಂದರ್ಯಕ್ಕೆ ಮರುಳಾಗಿ ಲೆಕ್ಕವನ್ನು ಮರೆಯಬಾರದು. ಒಂದು ಹೊದಿಕೆ ಹೊಲಿದುಕೊಟ್ಟ ಮನೆಗೆ ದೊರೆಯುತ್ತಿದ್ದ ಕೂಲಿ 10ರಿಂದ 25 ಸೆಂಟು. ಮುಂದೆ 1938ರಲ್ಲಿ ಅಮೆರಿಕದ ಕಾರ್ಮಿಕ ಶಾಸನ ವಿಧಿಸಿದ ಕನಿಷ್ಠ ಕೂಲಿ ಗಂಟೆಗೆ 25 ಸೆಂಟು. ಎಂದರೆ ಮನೆಮಂದಿಯೆಲ್ಲ ಕೂಡಿ ಮುಗಿಸಿದ ಇಡೀ ಹೊದಿಕೆಗೆ ಬಂದದ್ದು, ಶಾಸನದ ಕಣ್ಣಿನಲ್ಲಿ, ಹೆಚ್ಚೆಂದರೆ ಒಬ್ಬಾಳಿನ ಒಂದು ಗಂಟೆಯ ಕೂಲಿ. ಹೊದಿಕೆಯಲ್ಲಿಯೂ ಗಂಟಿರಲಿಲ್ಲ, ಹೊಲಿದವಳ ಮಡಿಲಿನಲ್ಲಿಯೂ ಗಂಟಿರಲಿಲ್ಲ. ಹಾಗೆಂದು ಆ ಹಣ ಅವರಿಗೆ ಬೇಡವಾಗಿತ್ತೆಂದಲ್ಲ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ರೈತಮನೆಯ ಹೆಂಗಸಿನ ಕೈಗೆ ನೇರವಾಗಿ ಬರುವ ನಗದು ಒಂದು ಆಸರೆಯಾಗಿತ್ತು. ಎರಡೂ ನಿಜ.

1933ರ ಕೈಗಾರಿಕಾ ಪುನಶ್ಚೇತನ ಕಾಯಿದೆ ಕೂಲಿಗೆ ಕನಿಷ್ಠ ಮಿತಿಯನ್ನು ತಂದಿತು. 1935ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಅಸಿಂಧುವೆಂದಿತಾದರೂ ವರ್ತಕರಿಗೆ ಗಾಳಿಯ ದಿಕ್ಕು ತಿಳಿದುಹೋಗಿತ್ತು. ಡಾಲ್ಟನ್ನಿನ ಗ್ಲೆನ್ ಲೂಪರ್ ಹೊಲಿಗೆಯಂತ್ರವನ್ನು ಮಾರ್ಪಡಿಸಿ, ದಪ್ಪ ನೂಲನ್ನು ಬಟ್ಟೆ ಹರಿಯದಂತೆ ಚುಚ್ಚುವ ಸೂಜಿಯನ್ನೂ ಕುಣಿಕೆ ಕತ್ತರಿಸುವ ಅಲಗನ್ನೂ ಅಳವಡಿಸಿದನೆಂದು ಪ್ರತೀತಿ. ಒಂದು ಸೂಜಿ ನಾಲ್ಕಾಯಿತು, ಎಂಟಾಯಿತು, ಇಪ್ಪತ್ತನಾಲ್ಕಾಯಿತು. ಮನೆಗೆಲಸ ಗಿರಣಿಯೊಳಗೆ ಸರಿಯಿತು. ಮನೆಯಲ್ಲಿ ಕುಳಿತವಳ ದುಡಿಮೆಗೆ ನ್ಯಾಯವಾದ ಬೆಲೆ ಕಟ್ಟಿದ ಕ್ಷಣದಲ್ಲಿಯೇ ಆ ದುಡಿಮೆ ಅವಳ ಮನೆಯನ್ನು ಬಿಟ್ಟಿತು. ಕೈಕಸುಬುಗಳ ಚರಿತ್ರೆಯಲ್ಲಿ ಈ ವಿಪರ್ಯಾಸ ಮತ್ತೆ ಮತ್ತೆ ಎದುರಾಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ನೂರಾರು ಸೂಜಿಗಳ ಅಗಲವಾದ ಯಂತ್ರಗಳು ಬಂದವು. ಹೊದಿಕೆ ಹಾಸಿಗೆಯಿಂದ ಇಳಿದು ನೆಲಕ್ಕೆ ಬಂದಿತು. 1950ರಲ್ಲಿ ಅಮೆರಿಕದ ಹಾಸುಗಂಬಳಿಗಳಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಕುಚ್ಚಿನದು, ಉಳಿದದ್ದು ನೇಯ್ದದ್ದು. ಕೆಲವೇ ದಶಕಗಳಲ್ಲಿ ಈ ಪ್ರಮಾಣ ತಲೆಕೆಳಗಾಯಿತು. ನೆಲದ ಹಾಸಿಗೆ ಕೋರಾ ಬಟ್ಟೆ ಸಾಲದು. ಅದರ ಜಾಗಕ್ಕೆ ಮತ್ತೆ ನಮ್ಮ ಕಡೆಯ ಸೆಣಬಿನ ಬಟ್ಟೆಯೇ ಹೋಯಿತು. ಸೆಣಬು ಕೋರಾ ಬಟ್ಟೆಯಂತೆ ಕುಗ್ಗಿ ಹಿಡಿಯದು. ಆದ್ದರಿಂದ ಬೆನ್ನಿಗೆ ರಬ್ಬರಿನ ಹಾಲಿನ, ಎಂದರೆ ಲೇಟೆಕ್ಸಿನ, ಅಂಟು ಬಳಿಯಬೇಕಾಯಿತು. ಮುಂದೆ 1960, 70ರ ದಶಕಗಳಲ್ಲಿ ಪಾಲಿಪ್ರೊಪಿಲೀನ್ ಎಂಬ ಕೃತಕ ಬಟ್ಟೆ ಬಂದು ಸೆಣಬನ್ನು ಪಕ್ಕಕ್ಕೆ ಸರಿಸಿತು. ಡಾಲ್ಟನ್ ‘ಜಗತ್ತಿನ ಹಾಸುಗಂಬಳಿಗಳ ರಾಜಧಾನಿ’ ಎಂಬ ಬಿರುದು ಪಡೆಯಿತು. ಮದುವೆಯಾಗಿ ಕ್ಯಾಥರೀನ್ ವೈಟ್ನರ್ ಎನಿಸಿದ ಆ ಮಹಿಳೆ 1964ರವರೆಗೆ ಬದುಕಿದ್ದು ಇದರಲ್ಲಿ ಬಹುಪಾಲನ್ನು ಕಣ್ಣಾರೆ ಕಂಡಳು.

ಈಚಿನ ವರ್ಷಗಳಲ್ಲಿ, ಅದರಲ್ಲೂ 2020ರ ಕೊರೊನಾ ಗೃಹಬಂಧನದ ಬಳಿಕ, ಈ ವಿದ್ಯೆ ಪುನಃ ಮನೆ ಹೊಕ್ಕಿದೆ. ಈಗ ಸೂಜಿಯ ಬದಲು ಕೈಯಲ್ಲಿ ಹಿಡಿಯುವ ವಿದ್ಯುತ್ ಉಪಕರಣ. ಟಫ್ಟಿಂಗ್ ಗನ್ ಎನ್ನುತ್ತಾರೆ. ನಮ್ಮ ಸೊಸೆ ಇದನ್ನು ಕಲಿಯುವಾಗ ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಮರದ ಚೌಕಟ್ಟಿನ ಅಂಚಿಗೆ ಮೊಳೆಗಳ ಸಾಲು; ಅದಕ್ಕೆ ಬಟ್ಟೆಯನ್ನು ಸಿಕ್ಕಿಸಿ, ಬೆರಳಿನಿಂದ ತಟ್ಟಿದರೆ ಮದ್ದಳೆಯಂತೆ ನುಡಿಯುವಷ್ಟು ಬಿಗಿಯಬೇಕು. ಸಡಿಲ ಬಟ್ಟೆಯಲ್ಲಿ ಕುಚ್ಚು ನಿಲ್ಲದು. ಚುಚ್ಚುವುದು ಬೆನ್ನಿನ ಕಡೆಯಿಂದ, ಮುಖ ಆಚೆಗಿರುತ್ತದೆ. ಆದಕಾರಣ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯಬೇಕು. ಅಕ್ಷರ ಮೂಡಿಸುವವರು ಇದನ್ನು ಮರೆತರೆ ‘ಅ’ಕಾರ ಹಿಮ್ಮುಖವಾಗುತ್ತದೆ. ಉಪಕರಣವನ್ನು ಬಟ್ಟೆಗೆ ಗಟ್ಟಿಯಾಗಿ ಒತ್ತಿ, ಅದು ಚಲಿಸುವ ದಿಕ್ಕಿಗೇ ನಡೆಸಬೇಕು. ಅಡ್ಡಕ್ಕೆಳೆದರೆ ಬಟ್ಟೆ ಹರಿಯುತ್ತದೆ. ಒಂದೇ ಜಾಗದಲ್ಲಿ ಸಾಲುಗಳನ್ನು ತುರುಕಿದರೂ ಅದೇ ಗತಿ. ಮುಗಿದ ಮೇಲೆ ಬೆನ್ನಿಗೆ ಅಂಟು ಬಳಿದು, ಒಣಗಿಸಿ, ಇನ್ನೊಂದು ಬಟ್ಟೆ ಕೂಡಿಸಿ, ಮುಖದ ಕುಚ್ಚನ್ನು ಕತ್ತರಿಯಿಂದ ಸಮಮಾಡಬೇಕು. ಕ್ಯಾಥರೀನ್ ಬಿಸಿನೀರಿಗೆ ವಹಿಸಿದ್ದ ಕೆಲಸವನ್ನು ಈಗ ಅಂಟಿಗೆ ವಹಿಸಿದ್ದೇವೆ.

ಉತ್ತರಪ್ರದೇಶದ ಭದೋಹಿ ಸೀಮೆಯ ಕುಶಲಿಗಳು ಇಂಥದೇ ಉಪಕರಣದಿಂದ ಮಾರಾಟದ ಕಂಬಳಿಗಳನ್ನು ತಯಾರಿಸುತ್ತಾರೆ. ಕೊಳ್ಳುವವರು ಅದನ್ನು ಗಂಟಿನ ಗಂಬಳಿಯೊಡನೆ ಬೆರೆಸಿಕೊಳ್ಳಬಾರದು. ಮಗುಚಿ ನೋಡಿದರೆ ಸಾಕು. ಗಂಟಿನದಾದರೆ ಬೆನ್ನಿನಲ್ಲಿಯೂ ಚಿತ್ರ ಗಂಟುಗಂಟಾಗಿ ಕಾಣುತ್ತದೆ. ಕುಚ್ಚಿನದಾದರೆ ಅಂಟಿಸಿದ ಬಟ್ಟೆ ಕಾಣುತ್ತದೆ. ಒಂದು ಮೇಲು, ಒಂದು ಕೀಳು ಎಂದಲ್ಲ. ಪಟ್ಟ ಶ್ರಮ ಬೇರೆ, ಬೆಲೆಯೂ ಬೇರೆಯಾಗಿರಬೇಕು.

ಹಾಗಾದರೆ ಈ ಕಥೆಯಿಂದ ಏನನ್ನು ಗ್ರಹಿಸೋಣ? ಅರ್ದಬಿಲ್ಲಿನ ಗಂಬಳಿ ಒಂದು ಹೆಸರನ್ನು ಉಳಿಸಿತು, ಡಾಲ್ಟನ್ ಒಂದು ಹೆಸರನ್ನು ಉಳಿಸಿತು. ಹತ್ತು ಸಾವಿರ ಜನರ ಹೆಸರು ಎರಡು ಕಡೆಯೂ ಇಲ್ಲ. ಚರಿತ್ರೆಯೂ ಒಂದು ಹಾಸುಗಂಬಳಿಯೇ. ಮುಖದ ಕಡೆ ನವಿಲು ಕಾಣುತ್ತದೆ, ಹೊಲಿಗೆಯ ಸಾಲು ಬೆನ್ನಿನ ಕಡೆ ಉಳಿಯುತ್ತದೆ. ಪುಸ್ತಕ ಓದಿದವರಿಗಿಂತ ಚೆನ್ನಾಗಿ ಆ ಬೆನ್ನನ್ನು ಬಲ್ಲವರು, ತಾವೇ ಒಂದು ಗೇಣಗಲದ ತುಂಡನ್ನಾದರೂ ಮಾಡಿ ನೋಡಿದವರು. ಕೈನೋವು ತಿಳಿದವನು 10 ಸೆಂಟಿನ ಅರ್ಥವನ್ನು ಬೇಗ ಗ್ರಹಿಸುತ್ತಾನೆ. ಮನೆಯಲ್ಲಿ ಹವ್ಯಾಸಕ್ಕೆಂದು ಕಲಿಯುವ ಹೊಸಬರ ಮೊದಲ ಕಂಬಳಿ ಸೊಟ್ಟಗಿರಬಹುದು, ಅಂಚು ಅಂಕುಡೊಂಕಾಗಿರಬಹುದು. ಆದರೂ ಅದನ್ನು ಮಾಡಿದವರು ಇನ್ನು ಮುಂದೆ ಯಾವ ಹಾಸಿನ ಮೇಲೆ ಕಾಲಿಟ್ಟರೂ ಅದರ ಕೆಳಗೊಂದು ಕೈಯಿತ್ತೆಂಬುದನ್ನು ಮರೆಯಲಾರರು. ಮನೆ ಹೊಕ್ಕಿರುವ ಈ ಹಳೆಯ ವಿದ್ಯೆ ಅಷ್ಟನ್ನು ಕಲಿಸಿದರೆ, ಅದು ಕಂಬಳಿಗಿಂತ ಬೆಲೆಯುಳ್ಳ ಲಾಭ.