ಎರಡು ಕೊಳವೆಗಳ ಉಸಿರು

ನೀರೊಳಗೆ ಅಡಗಿ ಕುಳಿತವನೆಂದರೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ನೆನಪಾಗುವವನು ರನ್ನನ ದುರ್ಯೋಧನ. ಜಲಮಂತ್ರದ ಬಲದಿಂದ ಅವನು ವೈಶಂಪಾಯನ ಸರೋವರವನ್ನು ಹೊಕ್ಕನು. ಮಂತ್ರವಿಲ್ಲದ ಮನುಷ್ಯನು ಆ ಬಲವನ್ನು ಹೇಗೆ ಸಂಪಾದಿಸಿದನೆಂಬುದು ಇಂದಿನ ನನ್ನ ವಿಷಯ. ಈ ಕುರಿತು ಮಾತನಾಡಲು ನನ್ನ ಅರ್ಹತೆ ಸ್ವಲ್ಪವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಊರ ಕೆರೆಯಲ್ಲಿ ಮೂಗು ಹಿಡಿದು ಮುಳುಗೆದ್ದುದಷ್ಟೇ ನನ್ನ ಜಲಸಾಹಸ.

ಕೆಲವು ವರ್ಷಗಳ ಹಿಂದೆ ಮುರುಡೇಶ್ವರದ ದಡದಲ್ಲಿ, ನೇತ್ರಾಣಿ ದ್ವೀಪಕ್ಕೆ ಹೊರಟ ದೋಣಿಯ ಬಳಿ, ಮುಳುಗುವ ಸಲಕರಣೆಗಳನ್ನು ಜೋಡಿಸುತ್ತಿದ್ದ ಯುವಕನೊಬ್ಬನನ್ನು ಕಂಡೆ. ಬಾಲ್ಯದಲ್ಲಿ ನಾನು ನೋಡಿದ ಚಿತ್ರಗಳಲ್ಲಿ ಮುಳುಗುವವನ ಎರಡು ಹೆಗಲ ಮೇಲಿಂದಲೂ ಸುಕ್ಕುಸುಕ್ಕಾದ ದಪ್ಪ ಕೊಳವೆಗಳು ಬಂದು ಬಾಯಿಯಲ್ಲಿ ಕೂಡುತ್ತಿದ್ದವು. ಇವನ ಬಾಯಿಗೆ ಹೋಗುತ್ತಿದ್ದುದು ತೆಳುವಾದ ಒಂದೇ ಕೊಳವೆ. "ಇನ್ನೊಂದು ಎಲ್ಲಿ?" ಎಂದು ಕೇಳಿದೆ. "ಅದು ಹಳೇ ಕಾಲದ್ದು ಸಾರ್. ಈಗಲೂ ಅದೇ ಬೇಕು ಅಂತ ಹುಡುಕಿಕೊಂಡು ಹೋಗೋ ಹುಚ್ಚರು ವಿದೇಶದಲ್ಲಿ ಇದ್ದಾರಂತೆ" ಎಂದು ನಕ್ಕ. ಆ ಹುಚ್ಚಿನ ಮೂಲವನ್ನು ಹುಡುಕುತ್ತ ನಾನು ಫ್ರಾನ್ಸ್ ದೇಶದ ಚರಿತ್ರೆಯನ್ನು ಹೊಕ್ಕೆ.

1860ರಲ್ಲಿ ಬೆನುವಾ ರುಕೆರೋಲ್ ಎಂಬ ಗಣಿ ಎಂಜಿನಿಯರು, ಕೆಟ್ಟ ಗಾಳಿ ತುಂಬಿದ ಗಣಿಯಲ್ಲಿ ಉಸಿರಾಡಲೆಂದು ಒಂದು ಸಾಧನವನ್ನು ರೂಪಿಸಿದನು. ಎಳೆದಾಗ ಮಾತ್ರ ಗಾಳಿ ಕೊಡುವುದು ಅದರ ಗುಣ. ನೌಕಾಧಿಕಾರಿ ಒಗುಸ್ತ್ ದೆನೆರೂಜ್ 1864ರ ಹೊತ್ತಿಗೆ ಅದನ್ನು ನೀರಿಗಿಳಿಸಲು ನೆರವಾದನು. ಜೂಲ್ಸ್ ವರ್ನ್ ತನ್ನ ಕಾದಂಬರಿಯ ಕ್ಯಾಪ್ಟನ್ ನೆಮೋನ ಕೈಗೆ ಇದರ ಸುಧಾರಿತ ರೂಪವನ್ನೇ ಕೊಟ್ಟಿದ್ದಾನೆ. ಆದರೆ ಆ ಕಾಲದ ತೊಟ್ಟಿಗಳು ಹೆಚ್ಚು ಒತ್ತಡವನ್ನು ತಾಳುತ್ತಿರಲಿಲ್ಲ. ಮೇಲಿನ ಪಂಪಿನ ಹಂಗು ತಪ್ಪಲಿಲ್ಲ.

ಆ ಹಂಗು ಹರಿದುದು ಎರಡನೆಯ ಮಹಾಯುದ್ಧದ ನಡುವೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ. ಏರ್ ಲಿಕ್ವಿಡ್ ಸಂಸ್ಥೆಯ ಎಂಜಿನಿಯರು ಎಮಿಲ್ ಗಾನ್ಯಾನ್, ಬದಲಿ ಅನಿಲದಿಂದ ಓಡುವ ಮೋಟಾರುಗಳಿಗಾಗಿ ಒಂದು ಕವಾಟವನ್ನು ಮಾಡಿದ್ದನು. ಎಂಜಿನ್ನು ಎಳೆದಷ್ಟೇ ಅನಿಲವನ್ನು ಅದು ಬಿಡುತ್ತಿತ್ತು. ನೌಕಾಪಡೆಯ ಝಾಕ್ ಕುಸ್ತೊ ತನಗೆ ಬೇಕಾದುದನ್ನು ಅದರಲ್ಲಿ ಕಂಡನು. ಎಂಜಿನ್ನಿನ ಬದಲು ಮನುಷ್ಯನ ಶ್ವಾಸಕೋಶ, ಅಷ್ಟೇ ವ್ಯತ್ಯಾಸ.

ಕತ್ತಿನ ಹಿಂದೆ ಕೂರುವ ದುಂಡನೆಯ ಲೋಹದ ಕರಡಿಗೆಯನ್ನು ಊಹಿಸಿಕೊಳ್ಳಿ. ಅದರ ನಡುವೆ ಒಂದು ರಬ್ಬರಿನ ಪೊರೆ: ಒಂದು ಕಡೆ ಕಡಲ ನೀರು, ಇನ್ನೊಂದು ಕಡೆ ಗಾಳಿ. ಮುಳುಗಿದವನು ಉಸಿರೆಳೆದೊಡನೆ ಪೊರೆ ಒಳಕ್ಕೆ ಬಾಗಿ ಸನ್ನೆಯನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ. ನೀರಿನ ಒತ್ತಡಕ್ಕೆ ಗಾಳಿಯ ಒತ್ತಡ ಸಮನಾದೊಡನೆ ಮುಚ್ಚಿಕೊಳ್ಳುತ್ತದೆ. ಪ್ರತಿ 10 ಮೀಟರಿಗೆ ನೀರಿನ ಒತ್ತಡ ವಾಯುಮಂಡಲದ ಒಂದು ಪಟ್ಟು ಏರುತ್ತದೆ. ಆ ಏರಿಕೆಯನ್ನು ಪೊರೆ ತಾನಾಗಿ ಅಳೆಯುತ್ತದೆ.

ಇಷ್ಟಾದರೂ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ಕೈಕೊಟ್ಟಿತು. ಅಡ್ಡಲಾಗಿ ಈಜುವಾಗ ಎಲ್ಲವೂ ಸರಿಯಾಗಿತ್ತು. ನೆಟ್ಟಗೆ ನಿಂತಾಗ ಗಾಳಿ ಸುಮ್ಮನೆ ಹರಿದು ಪೋಲಾಯಿತು. ತಲೆಕೆಳಗಾದಾಗ ಉಸಿರೆಳೆಯುವುದೇ ಕಷ್ಟವಾಯಿತು. ಕಾರಣವನ್ನು ಕಂಡುಕೊಳ್ಳಲು ಅವರಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. ನಿಶ್ವಾಸ ಹೊರಡುವ ಬಾಯಿ ಪೊರೆಯಿಂದ ಕೆಲವು ಅಂಗುಲ ದೂರವಿತ್ತು. ನೀರಿನಲ್ಲಿ ಆ ಕೆಲವು ಅಂಗುಲಗಳೂ ಒತ್ತಡದ ವ್ಯತ್ಯಾಸವೇ. ಹಾಗಾದರೆ ನಿಶ್ವಾಸವನ್ನು ಮತ್ತೆ ಬೆನ್ನಿಗೇ ಒಯ್ದು ಪೊರೆಯ ಮಗ್ಗುಲಲ್ಲೇ ಬಿಡಬೇಕು. ಒಂದು ಕೊಳವೆ ಉಚ್ಛ್ವಾಸಕ್ಕೆ, ಇನ್ನೊಂದು ನಿಶ್ವಾಸಕ್ಕೆ. ನಾನು ಬಾಲ್ಯದಲ್ಲಿ ಅಲಂಕಾರವೆಂದುಕೊಂಡಿದ್ದ ಎರಡನೆಯ ಕೊಳವೆ, ಒಂದು ತಪ್ಪನ್ನು ತಿದ್ದಿದ ಗುರುತು. 1943ರ ಜೂನ್ ತಿಂಗಳಲ್ಲಿ ಕುಸ್ತೊ ಈ ಸಾಧನದೊಡನೆ ಬಾಂದೋಲಿನ ಬಳಿ ಮೆಡಿಟರೇನಿಯನ್ ಸಮುದ್ರಕ್ಕಿಳಿದನು. 1956ರಲ್ಲಿ ಅವನ 'ಮೌನಲೋಕ' ಚಲನಚಿತ್ರ ಕಾನ್ ಉತ್ಸವದ ಪರಮೋಚ್ಚ ಪ್ರಶಸ್ತಿಯನ್ನು ಪಡೆಯಿತು. ಜಗತ್ತು ಕಡಲಿನ ಒಡಲನ್ನು ಕಂಡುದು ಈ ಜೋಡಿಕೊಳವೆಗಳ ಉಸಿರಿನಿಂದ.

ಅಷ್ಟರಲ್ಲೇ ಆಸ್ಟ್ರೇಲಿಯದ ಟೆಡ್ ಎಲ್ಡ್ರೆಡ್ ಬೇರೊಂದು ದಾರಿ ಹಿಡಿದಿದ್ದನು. ಯಂತ್ರದ ಕೊನೆಯ ಭಾಗವನ್ನು ಬಾಯಿಯ ಬಳಿಗೇ ತಂದು, ನಿಶ್ವಾಸವನ್ನು ಅಲ್ಲೇ ಬಿಟ್ಟರೆ ಒಂದೇ ಕೊಳವೆ ಸಾಕು. ಉಸಿರಾಟವೂ ಹಗುರ. 1960ರ ದಶಕ ಕಳೆಯುವ ಹೊತ್ತಿಗೆ ಜೋಡಿಕೊಳವೆ ಹಿಂದೆ ಸರಿಯಿತು.

ಆದರೂ ಅದನ್ನು ಹುಡುಕಿ, ಸವೆದ ರಬ್ಬರು ಬದಲಿಸಿ, ಮತ್ತೆ ಕಡಲಿಗಿಳಿಯುವವರು ಇಂದಿಗೂ ಇದ್ದಾರೆ. ಅವರ ಕಾರಣಗಳು ಬರಿಯ ಹಳಹಳಿಕೆಯಲ್ಲ. ಗುಳ್ಳೆಗಳು ಕತ್ತಿನ ಹಿಂದೆ ಏಳುವುದರಿಂದ ಮುಖದ ಮುಂದಿನ ನೀರು ತಿಳಿಯಾಗಿರುತ್ತದೆ. ಛಾಯಾಗ್ರಾಹಕನಿಗೆ ಅದು ಭಾಗ್ಯ. ಅದಕ್ಕೂ ಆಳವಾದ ಕಾರಣ ಇನ್ನೊಂದಿದೆ. ಈ ಸಾಧನ ತನ್ನ ನಿಯಮವನ್ನು ಬಚ್ಚಿಡುವುದಿಲ್ಲ. ಬೋರಲಾಗಿ ಈಜುವಾಗ ಬೆನ್ನಿನ ಕರಡಿಗೆ ಎದೆಗಿಂತ ಮೇಲಿರುವುದರಿಂದ ಉಸಿರನ್ನು ತುಸು ಬಲವಾಗಿ ಎಳೆಯಬೇಕು. ಅಂಗಾತ ತಿರುಗಿದರೆ ಗಾಳಿ ತಾನಾಗಿ ನುಗ್ಗುತ್ತದೆ. ಕೊಳವೆಗೆ ನೀರು ಬಂದರೆ ಎಡಕ್ಕೆ ಹೊರಳಿ, ಅದನ್ನು ನಿಶ್ವಾಸದ ಕೊಳವೆಗೆ ಇಳಿಸಿ, ಊದಿ ಹೊರಹಾಕಬೇಕು. ತನ್ನ ಮೈ ಯಾವ ಭಂಗಿಯಲ್ಲಿದೆಯೆಂಬುದನ್ನು ಮುಳುಗಿದವನು ಪ್ರತಿ ಉಸಿರಿನಲ್ಲೂ ಅರಿಯುತ್ತಾನೆ.

ನನ್ನ ತರಗತಿಗಳಲ್ಲಿ ಪ್ರತಿವರ್ಷವೂ ಒಬ್ಬನಾದರೂ ಕೇಳುತ್ತಿದ್ದ: "ಹೊಸಗನ್ನಡ ಇರುವಾಗ ಹಳಗನ್ನಡ ಯಾಕೆ ಸಾರ್?" ಪರಂಪರೆಯೆಂದು ನಾಲ್ಕು ದೊಡ್ಡ ಮಾತಾಡಿ ಪಾಠ ಮುಂದುವರಿಸುತ್ತಿದ್ದೆ. ಹುಡುಗರಿಗೆ ಅದು ಒಪ್ಪಿಗೆಯಾಗಲಿಲ್ಲವೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಉತ್ತರ ಸಿಗುವ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ದಿನದ ವ್ಯವಹಾರಕ್ಕೆ ಹೊಸದೇ ಸರಿ. ಮುಳುಗಲು ಹೊಸದಾಗಿ ಕಲಿಯುವವನಿಗೂ ಒಂಟಿಕೊಳವೆಯೇ ಸರಿ. ಆದರೆ ಹೊಸದು ನುಣುಪಾಗಿ ಮುಚ್ಚಿಟ್ಟ ಕೀಲುಗಳು ಹಳೆಯದರಲ್ಲಿ ಕಣ್ಣಿಗೆ ಕಾಣುತ್ತವೆ. ನಾವು ಆಡುವ ಮಾತು ಹೀಗೇಕಿದೆ, ಎಳೆಯುವ ಉಸಿರು ಹೇಗೆ ಬರುತ್ತಿದೆ ಎಂದು ಕೇಳುವವನು ಒಮ್ಮೆಯಾದರೂ ಅಲ್ಲಿಗೆ ಹೋಗಬೇಕಾಗುತ್ತದೆ. ಅಂದು ಕೇಳಿದ ಆ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ತಡವಾಗಿ ಬಂದ ಉತ್ತರವೆಂದು ಸ್ವೀಕರಿಸಲಿ.